ಅಂಗಳದ ಉಗಿಬಂಡಿ ಮತ್ತು ನಮ್ಮ ಮೀಟರ್ ಗೇಜ್

ಬೆಳಗಾವಿಯಲ್ಲಿ ಯಾರಿಗಾದರೂ ಅಡ್ರೆಸ್ ಕೇಳಿ ನೋಡ್ರಿ. ಟಿಳಕವಾಡಿ ಕಡೆಯವರಾದ್ರೆ "ಫಸ್ಟ್ ಗೇಟ್ ಹತ್ರ", "ಥರ್ಡ್ ಗೇಟ್ ದಾಟಿ ಬರ್ರಿ" ಅಂತಾರೆ. ಗೇಟ್ ಅಂದ್ರೆ ರೈಲ್ವೆ ಗೇಟ್. ಊರಿನ ವಿಳಾಸವನ್ನು ನಾವು ಇವತ್ತಿಗೂ ರೈಲಿನ ಲೆಕ್ಕದಲ್ಲೇ ಹೇಳ್ತೀವಿ. ಆದರೆ ಈ ದಾರಿಯಲ್ಲಿ ಮೊದಲು ಹಾಕಿದ ಹಳಿ ಈಗಿಲ್ಲ, ಅದರ ಮೇಲೆ ಓಡಿದ ಎಂಜಿನ್ನೂ ಇಲ್ಲ. ಅದು ಮೀಟರ್ ಗೇಜ್, ಅದರ ಮೇಲೆ ಉಗಿಬಂಡಿ. ಇವತ್ತಿನ ಎಪಿಸೋಡಿನಲ್ಲಿ ಆ ಕಥೆ ಹೇಳ್ತೀನಿ. ಅದಕ್ಕೆ ನನಗೆ ಸಹಾಯಕ್ಕೆ ಬಂದದ್ದು ಮೊಣಕೈ ಉದ್ದವೂ ಇಲ್ಲದ ಒಂದು ಎಂಜಿನ್.

ಮೊದಲು ದೊಡ್ಡ ರೈಲಿನಿಂದ ಶುರು ಮಾಡೋಣ.

1876ರಿಂದ 1878ರವರೆಗೆ ದಖ್ಖನ್ ಮತ್ತು ದಕ್ಷಿಣ ಭಾರತದಲ್ಲಿ ಭೀಕರ ಬರ ಬಿತ್ತು. ಲಕ್ಷಾಂತರ ಜನ ಸತ್ತರು. ಬಿಜಾಪುರ, ಧಾರವಾಡ, ಬಳ್ಳಾರಿ ಕಡೆ ಹಾನಿ ಬಹಳ. ಬೇರೆ ಕಡೆ ಧಾನ್ಯ ಇದ್ದರೂ ಅದನ್ನು ಒಳನಾಡಿಗೆ ಮುಟ್ಟಿಸೋಕೆ ಎತ್ತಿನ ಗಾಡಿ ಬಿಟ್ಟರೆ ಗತಿ ಇರಲಿಲ್ಲ. ಆ ಎತ್ತಿಗೂ ಮೇವು ನೀರು ಬೇಕಲ್ಲ? ಬರದಲ್ಲಿ ಎಲ್ಲಿಂದ ತರೋದು? ಈ ಅನುಭವದ ನಂತರ ಸರ್ಕಾರ ಬರದ ನಾಡಿಗೆ ರೈಲು ಹಾಕುವ ಯೋಜನೆ ಮಾಡ್ತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1885ರಲ್ಲಿ ಹುಬ್ಬಳ್ಳಿಯಲ್ಲಿ ಅದರ ವರ್ಕ್‌ಶಾಪ್ ಶುರುವಾಯಿತು. ಆ ವರ್ಕ್‌ಶಾಪ್ ಇವತ್ತಿಗೂ ಇದೆ.

ಇನ್ನೊಂದು ಕಡೆ ಬ್ರಿಟಿಷರ ಕಣ್ಣು ಗೋವಾದ ಬಂದರಿನ ಮೇಲಿತ್ತು. 1878ರಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದ ಆಯಿತು. ಮುರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್‌ವರೆಗೆ ಒಂದು ಕಂಪನಿಯ ಹಳಿ, ಅಲ್ಲಿಂದ ಈಚೆ ಸದರ್ನ್ ಮರಾಠಾದ ಹಳಿ. 1888ರ ಹೊತ್ತಿಗೆ ಘಟ್ಟದ ದಾರಿ ತೆರೆಯಿತು. ಅದೇ ದಶಕದ ಕೊನೆಯಲ್ಲಿ ಲೋಂಡಾದಿಂದ ಗುಂಜಿ, ಖಾನಾಪುರ, ಇದಲಹೊಂಡ, ದೇಸೂರ ದಾಟಿ ಬೆಳಗಾವಿಗೂ ರೈಲು ಬಂತು.

ಬೆಳಗಾವಿ ಆಗಲೇ ದಂಡಿನ ಊರು. ಇಲ್ಲಿನ ಕ್ಯಾಂಟೋನ್ಮೆಂಟ್ 1832ರದ್ದು. ನಾವು ಕ್ಯಾಂಪ್ ಅನ್ನೋದು ಇದನ್ನೇ. ಸ್ಟೇಷನ್ನಿಗೂ ಕ್ಯಾಂಪಿಗೂ ಹೆಚ್ಚು ದೂರ ಇಲ್ಲ. ಬರಕ್ಕೆ ಅಂತ ಹಾಕಿದ ಹಳಿಯ ಮೇಲೆ ಧಾನ್ಯವೂ ಬಂತು, ಸಿಪಾಯಿಗಳೂ ಬಂದರು, ಹತ್ತಿ ಬಂದರಿನ ಕಡೆ ಹೋಯಿತು, ಖಾನಾಪುರದ ಕಾಡಿನ ಕಟ್ಟಿಗೆಯೂ ಹೋಯಿತು. ಒಂದೇ ಹಳಿ, ಉಪಕಾರವೂ ಅದೇ, ವ್ಯಾಪಾರವೂ ಅದೇ.

ಈಗ ಗೇಜ್ ವಿಷಯ. ಭಾರತದ ಬ್ರಾಡ್ ಗೇಜ್ ಅಂದ್ರೆ ಎರಡು ಹಳಿಗಳ ನಡುವೆ 1676 ಮಿಲಿಮೀಟರ್. 1870ರ ಹೊತ್ತಿಗೆ ಲಾರ್ಡ್ ಮೇಯೋ ಸರ್ಕಾರ ಖರ್ಚು ಉಳಿಸೋಕೆ ಸಣ್ಣ ಗೇಜ್ ಬೇಕು ಅಂತ ತೀರ್ಮಾನಿಸಿತು. ಭಾರತಕ್ಕೆ ಮೆಟ್ರಿಕ್ ಅಳತೆ ತರುವ ಮಾತು ಆಗ ನಡೆದಿತ್ತು. ಹಾಗಾಗಿ ಸರಿಯಾಗಿ ಒಂದು ಮೀಟರ್, ಅಂದ್ರೆ 1000 ಮಿಲಿಮೀಟರ್ ಆಯ್ತು. ಅಳತೆ ಪದ್ಧತಿ ಬರೋಕೆ ಸ್ವಾತಂತ್ರ್ಯದವರೆಗೂ ಕಾಯಬೇಕಾಯ್ತು, ಮೀಟರ್ ಗೇಜ್ ಮಾತ್ರ ಆಗಲೇ ನೆಲಕ್ಕೆ ಬಿತ್ತು.

ಈ 1000 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ. ಯಾಕಂದ್ರೆ ಜಗತ್ತಿನ ತೋಟದ ರೈಲಿನ ಹವ್ಯಾಸಿಗಳು ಬಳಸುವ ಒಂದು ಮುಖ್ಯ ಗೇಜ್ 45 ಮಿಲಿಮೀಟರ್. 1000ವನ್ನು 45ರಿಂದ ಭಾಗಿಸಿ, 22 ಚಿಲ್ಲರೆ ಬರುತ್ತೆ. ಜರ್ಮನಿಯ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಅನ್ನೋ ತೋಟದ ರೈಲು ತಂದಾಗ ಇಟ್ಟುಕೊಂಡ ಪ್ರಮಾಣ 22.5ಕ್ಕೆ 1. ಮೀಟರ್ ಗೇಜ್ ರೈಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಲೆಕ್ಕ. ಅಂದ್ರೆ ನಮ್ಮ ಖಾನಾಪುರದ ಹಳಿಯನ್ನು ಕುಗ್ಗಿಸಿದ್ರೆ ಸರಿಯಾಗಿ ಆ ಟ್ರ್ಯಾಕ್ ಮೇಲೆ ಕೂರುತ್ತೆ. ಐದೂವರೆ ಅಡಿಯ ಮನುಷ್ಯ ಅಲ್ಲಿ ಏಳೂವರೆ ಸೆಂಟಿಮೀಟರ್. ಬೆಳಗಾವಿಯಿಂದ ಖಾನಾಪುರ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ.

ಈಗ ಸಣ್ಣ ಎಂಜಿನ್ನಿಗೆ ಬರೋಣ.

ಕ್ಯಾಂಪಿನಲ್ಲಿ ಹಂಚಿನ ಮಾಡಿನ ಒಂದು ಹಳೆ ಮನೆ. ಅಲ್ಲಿರುವ ಹಿರಿಯರು ಜೀವನವೆಲ್ಲ ಲೇತ್ ಮಷಿನ್ ಮುಂದೆ ಕಳೆದವರು. ಹೆಸರು ಹಾಕಬ್ಯಾಡ ಅಂದಿದ್ದಾರೆ, ಹಾಗಾಗಿ ಕಾಕಾ ಅಂತಲೇ ಕರೀತೀನಿ. ಅವರ ಹತ್ರ ಬೋಮನ್ ಅನ್ನೋ ಇಂಗ್ಲಿಷ್ ಕಂಪನಿಯ ಒಂದು ಎಂಜಿನ್ ಇದೆ. ಈ ಕಂಪನಿ ಇಂಗ್ಲೆಂಡಿನ ನಾರ್‌ಫೋಕ್ ಪ್ರಾಂತದ ಡೀರಮ್ ಊರಿನಲ್ಲಿ 1920ರ ದಶಕದ ಕೊನೆಯಿಂದ 1930ರ ದಶಕದ ನಡುವಿನವರೆಗೆ ಉಗಿ ಎಂಜಿನ್ ಆಟಿಕೆ ಮಾಡ್ತಿತ್ತು. ಇದು ಓಡೋದು 32 ಮಿಲಿಮೀಟರ್ ಹಳಿ ಮೇಲೆ. ಬ್ಯಾಟರಿ ಇಲ್ಲ, ಕೀಲಿ ಇಲ್ಲ. ನಿಜವಾದ ಬೆಂಕಿ, ನಿಜವಾದ ನೀರು, ನಿಜವಾದ ಉಗಿ. ಹವ್ಯಾಸಿಗಳ ಭಾಷೆಯಲ್ಲಿ ಲೈವ್ ಸ್ಟೀಮ್.

ಓಡಿಸೋಕೆ ಮುಂಚೆ ಅರ್ಧ ಗಂಟೆಯ ತಯಾರಿ. ಬಾಯ್ಲರಿಗೆ ಮಳೆ ನೀರು ಅಥವಾ ಡಿಸ್ಟಿಲ್ಡ್ ವಾಟರ್. ಬೋರ್ ನೀರು ಹಾಕಿದ್ರೆ ಚಹಾದ ಕೆಟಲ್ ಒಳಗೆ ಬಿಳಿ ಪದರ ಕೂರುತ್ತಲ್ಲ, ಹಾಗೆ ಬಾಯ್ಲರಿನಲ್ಲೂ ಕೂರುತ್ತೆ. ಮಳೆ ನೀರಿಗೆ ನಮ್ಮ ಕಡೆ ಏನು ಬರ ಇಲ್ಲ ಬಿಡ್ರಿ. ಆಮೇಲೆ ಗಾಲಿ, ರಾಡು, ಎಲ್ಲ ಕೀಲಿಗೂ ಒಂದೊಂದು ಹನಿ ಎಣ್ಣೆ. ಬತ್ತಿಯ ದೀಪಕ್ಕೆ ಸ್ಪಿರಿಟ್. ನಮ್ಮ ದೇಶದಲ್ಲಿ ಈ ಸ್ಪಿರಿಟ್ ಹೆಚ್ಚಾಗಿ ತಯಾರಾಗೋದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ. ಅಂದ್ರೆ ಇಂಗ್ಲೆಂಡಿನ ಎಂಜಿನ್ ಕಬ್ಬಿನ ಮೇಲೆ ಓಡುತ್ತೆ!

ದೀಪ ಹಚ್ಚಿದ ಮೇಲೆ ನಾನು ಎರಡು ನಿಮಿಷಕ್ಕೊಮ್ಮೆ "ಆಯ್ತಾ ಕಾಕಾ?" ಅಂತಿದ್ದೆ. ಅವರು ನಕ್ಕು ಅಂದ್ರು: "ನೀರು ಕಾಯೂತನಕಾ ನಾವೂ ಕಾಯಬೇಕು ತಮ್ಮಾ."

ಒಂದು ಹೊತ್ತಿನಲ್ಲಿ ಸೇಫ್ಟಿ ವಾಲ್ವ್ ಸುಂಯ್ ಅಂತು. ಅವರು ಬೆರಳಿಂದ ಮೆಲ್ಲಗೆ ನೂಕಿದರು. ಮೊದಲು ಸಿಲಿಂಡರಿನಲ್ಲಿ ತಣ್ಣಗಾಗಿ ನಿಂತ ನೀರು ಪಿಚಕ್ ಅಂತ ಉಗುಳಿತು, ಆಮೇಲೆ ಗಾಲಿ ತಿರುಗಿತು. ಬಿಸಿ ಎಣ್ಣೆ ಮತ್ತು ಉಗಿಯ ವಾಸನೆ ಅಂಗಳ ತುಂಬಾ. ಇದರಲ್ಲಿ ಸಿಲಿಂಡರೇ ಉಯ್ಯಾಲೆ ಥರ ಆ ಕಡೆ ಈ ಕಡೆ ವಾಲಾಡುತ್ತೆ. ಒಂದು ಕಡೆ ವಾಲಿದಾಗ ಉಗಿ ಒಳಗೆ ಬರುವ ತೂತು ತೆರೆಯುತ್ತೆ, ಇನ್ನೊಂದು ಕಡೆ ವಾಲಿದಾಗ ಹೊರಗೆ ಹೋಗುವ ತೂತು. ದೊಡ್ಡ ಎಂಜಿನ್ನಿನ ವಾಲ್ವ್ ಗೇರ್ ಮಾಡುವ ಕೆಲಸವನ್ನು ಇಲ್ಲಿ ಎರಡು ತೂತು ಮಾಡ್ತವೆ.

ಇಂಥ ಆಟಿಕೆಯ ಹಿಂದೆಯೂ ಒಂದು ಇತಿಹಾಸ ಇದೆ. 1898ರಲ್ಲಿ ಲಂಡನ್ನಿನಲ್ಲಿ ಪರ್ಸಿವಲ್ ಮಾರ್ಷಲ್ ಅವರು 'ಮಾಡೆಲ್ ಎಂಜಿನಿಯರ್' ಪತ್ರಿಕೆ ಶುರು ಮಾಡಿದರು. ಅದೇ ಸುಮಾರಿಗೆ ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಕಂಪನಿ ಮಾದರಿ ರೈಲು ಮಾರೋಕೆ ಇಳಿಯಿತು. ಗ್ವಾಲಿಯರ್ ಮಹಾರಾಜರ ಊಟದ ಮೇಜಿನ ಮೇಲೆ ಬೆಳ್ಳಿ ರೈಲು ಓಡುತ್ತೆ ಅಂತ ರೀಲ್ಸ್‌ನಲ್ಲಿ ನೋಡಿರಬಹುದು, ಅದು ಇದೇ ಕಂಪನಿ ಮಾಡಿದ್ದು. ಆದರೆ ಅದು ವಿದ್ಯುತ್ತಿನದು, ಉಗಿಯದಲ್ಲ.

ಉಗಿಯನ್ನು ಸಣ್ಣದು ಮಾಡೋದು ಬೇರೆಯದೇ ಕಷ್ಟ. ಒಂದು ಕಪ್ ಚಹಾ ಐದು ನಿಮಿಷದಲ್ಲಿ ಆರುತ್ತೆ, ಹಂಡೆಯ ನೀರು ಗಂಟೆಗಟ್ಟಲೆ ಬಿಸಿ ಇರುತ್ತೆ. ಯಾಕೆ? ಎಂಜಿನ್ನನ್ನು 22 ಪಟ್ಟು ಕುಗ್ಗಿಸಿದ್ರೆ ಬಾಯ್ಲರಿನ ಮೇಲ್ಮೈ 484 ಪಟ್ಟು ಕಡಿಮೆಯಾಗುತ್ತೆ, ಒಳಗಿನ ನೀರು ಮಾತ್ರ 10,648 ಪಟ್ಟು ಕಡಿಮೆಯಾಗುತ್ತೆ. ಶಾಖ ಹಿಡಿದಿಡುವ ನೀರು ಸ್ವಲ್ಪ, ಶಾಖ ಸೋರುವ ಮೈ ಜಾಸ್ತಿ. ಅದಕ್ಕೇ ಸಣ್ಣ ಎಂಜಿನ್ನಿನಲ್ಲಿ ಕಲ್ಲಿದ್ದಲು ಉರಿಸಿ ಮನುಷ್ಯರನ್ನು ಎಳೆಯೋದು ಆಗದ ಮಾತು ಅಂತ ಬಹಳ ಜನ ನಂಬಿದ್ದರು. 1920ರ ದಶಕದಲ್ಲಿ ಎಲ್‌ಬಿಎಸ್‌ಸಿ ಅನ್ನೋ ಹೆಸರಿನಲ್ಲಿ ಬರೀತಿದ್ದ ಲಂಡನ್ನಿನ ಒಬ್ಬರು ಎರಡೂವರೆ ಇಂಚು ಗೇಜಿನ 'ಆಯೇಷಾ' ಅನ್ನೋ ಎಂಜಿನ್ ಮಾಡಿ, ಕಲ್ಲಿದ್ದಲಲ್ಲೇ ಮನುಷ್ಯರನ್ನು ಎಳೆದು ತೋರಿಸಿದರು. ಮಾದರಿ ಎಂಜಿನ್ನಿನ ಚರಿತ್ರೆಯಲ್ಲಿ ಆ ಜಗಳಕ್ಕೆ 'ಬಾಯ್ಲರ್ ಯುದ್ಧ' ಅಂತಲೇ ಹೆಸರು. ಆಮೇಲೆ ಮನೆಯಲ್ಲೇ ಎಂಜಿನ್ ಮಾಡುವವರ ದೊಡ್ಡ ಸಾಲೇ ಬೆಳೆಯಿತು.

ಸರಿ, ಇದೆಲ್ಲ ಇಂಗ್ಲೆಂಡಿನ ಹವ್ಯಾಸ. ನಮಗೇನು ಸಂಬಂಧ ಅಂತೀರಾ?

ಸಂಬಂಧ ಕೈಯದ್ದು. ಅಲ್ಲಿ ಉಗಿ ಎಂಜಿನ್ ಕೆಲವರಿಗೆ ಭಾನುವಾರದ ಆಟ. ಇಲ್ಲಿ ಅದು ಹೊಟ್ಟೆಪಾಡು. ಬ್ರಿಟಿಷರ ಕಾಲದಲ್ಲಿ ದೊಡ್ಡ ಮೇಲ್ ಗಾಡಿಗಳ ಡ್ರೈವರ್ ಸೀಟು ಬಹಳ ವರ್ಷ ಯುರೋಪಿಯನ್ನರಿಗೆ ಮತ್ತು ಆಂಗ್ಲೋ ಇಂಡಿಯನ್ನರಿಗೆ ಮೀಸಲು. ಸಲಿಕೆ ಹಿಡಿದವರು ನಮ್ಮವರು. ಕ್ಯಾಸಲ್‌ರಾಕ್ ಕೆಳಗಿನ ಬ್ರಗಾಂಜಾ ಘಟ್ಟದ ಏರು 37ಕ್ಕೆ 1. ಅಂದ್ರೆ ಪ್ರತಿ 37 ಮೀಟರಿಗೆ ಒಂದು ಮೀಟರ್ ಹತ್ತಬೇಕು. ದೂಧಸಾಗರ ಫಾಲ್ಸ್ ಎದುರಿನ ಸೇತುವೆ ಮೇಲೆ ಫೋಟೋ ತೆಗೆಯೋ ನಮಗೆ ಅದು ಸುಂದರ ಜಾಗ. ಫೈರ್‌ಮನ್‌ಗೆ ಅದು ಒಲೆಯ ಬಾಯಿ. ಅಲ್ಲಿ ಉಗಿ ಇಳಿದರೆ ಗಾಡಿ ಘಟ್ಟದ ನಡುವೆ ನಿಂತುಬಿಡುತ್ತೆ, ನೀರಿನ ಗ್ಲಾಸ್ ನೋಡೋದು ಮರೆತರೆ ಬಾಯ್ಲರೇ ಅಪಾಯ.

ಸ್ವಾತಂತ್ರ್ಯದ ನಂತರ ಮೀಟರ್ ಗೇಜಿಗೆ ಹೊಸ ಎಂಜಿನ್ ಬಂದವು. ಪ್ರಯಾಣಿಕರ ಗಾಡಿಗೆ ವೈಪಿ, ಗೂಡ್ಸ್ ಗಾಡಿಗೆ ವೈಜಿ. ಇವುಗಳಲ್ಲಿ ಬಹಳಷ್ಟು ಜಮ್ಶೆಡ್‌ಪುರದ ಟೆಲ್ಕೊದಲ್ಲಿ ತಯಾರಾದವು. ಟೆಲ್ಕೊ ಅಂದ್ರೆ ಆಮೇಲೆ ಟಾಟಾ ಮೋಟಾರ್ಸ್ ಅಂತ ಹೆಸರಾದ ಕಂಪನಿ. ನೆಕ್ಸಾನ್ ಮಾಡುವ ಕಂಪನಿ 1945ರಲ್ಲಿ ಹುಟ್ಟಿದ್ದು ರೈಲು ಎಂಜಿನ್ ಮಾಡೋಕೆ! ಈ ಎಂಜಿನ್ನುಗಳಿಗೂ ಕಲ್ಲಿದ್ದಲು ಹಾಕ್ತಿದ್ದದ್ದು ಕೈಯಿಂದಲೇ.

ಆಮೇಲೆ ಡೀಸೆಲ್ ಬಂತು. 1992ರಲ್ಲಿ ರೈಲ್ವೆ ಯೂನಿಗೇಜ್ ಯೋಜನೆ ಶುರು ಮಾಡ್ತು. 1990ರ ದಶಕದಲ್ಲೇ ನಮ್ಮ ಕಡೆಯ ಮೀಟರ್ ಗೇಜ್ ಎಲ್ಲ ಬ್ರಾಡ್ ಗೇಜ್ ಆಯಿತು. ಅದು ತಪ್ಪು ಅಂತ ನಾನು ಹೇಳಲ್ಲ. ಬೆಳಗಾವಿಯಲ್ಲಿ ಹತ್ತಿದವರು ಗಾಡಿ ಬದಲಿಸದೆ ದೆಹಲಿಗೆ ಹೋಗೋದು ಆ ಬದಲಾವಣೆಯಿಂದಲೇ.

ಆದರೆ ನಾನು ಕಾಮರ್ಸ್ ಓದಿದವನು, ಲೆಕ್ಕದಲ್ಲಿ ಒಂದು ಕಡೆ ತಡೀತೀನಿ. ಎಂಜಿನ್ ಒಂದು ಆಸ್ತಿ. ವರ್ಷಕ್ಕೆ ಇಷ್ಟು ಅಂತ ಡಿಪ್ರಿಸಿಯೇಶನ್ ಬರೀತಾರೆ, ಕೊನೆಗೆ ಉಳಿಯೋದು ಸ್ಕ್ರ್ಯಾಪ್ ವ್ಯಾಲ್ಯೂ. ಕಬ್ಬಿಣದ ಲೆಕ್ಕ ಅಲ್ಲಿಗೆ ಮುಗೀತು. ಬೆಂಕಿಯ ಬಣ್ಣ ನೋಡಿ ಉಗಿ ಎಷ್ಟಿದೆ ಅಂತ ಹೇಳುವ ಕಣ್ಣು, ಸದ್ದು ಕೇಳಿ ಯಾವ ಬೇರಿಂಗ್ ಬಿಸಿಯಾಗಿದೆ ಅಂತ ಹಿಡಿಯುವ ಕಿವಿ, ಇವು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇರಲಿಲ್ಲ. ಬರೆದೇ ಇರದಿದ್ದಕ್ಕೆ, ಹೋದದ್ದೂ ಯಾರ ಲೆಕ್ಕಕ್ಕೂ ಸಿಗಲಿಲ್ಲ.

ನಾವು ಉಳಿಸಿಕೊಂಡಿದ್ದು ಏನು? ಮೈಸೂರಿನಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಒಂದು ಆಯಿತು. ಎರಡೂ ನೋಡಲೇಬೇಕಾದ ಜಾಗ. ಆದರೆ ಬಣ್ಣ ಬಳಿದು ಕಟ್ಟೆ ಮೇಲೆ ನಿಲ್ಲಿಸಿದ ಎಂಜಿನ್ ತಣ್ಣಗಿರುತ್ತೆ. ಅದರ ಮುಂದೆ ನಿಂತು ಸೆಲ್ಫಿ ತೆಗೀಬಹುದು, ಉಗಿ ಯಾವಾಗ ಇಳಿಯುತ್ತೆ ಅಂತ ಹೆದರೋಕೆ ಆಗಲ್ಲ. ಅಂಗಳದ ಸಣ್ಣ ಎಂಜಿನ್ ಆ ಹೆದರಿಕೆಯನ್ನು ಕಲಿಸುತ್ತೆ. ನೀರು ಮುಗಿದ ಮೇಲೂ ಬೆಂಕಿ ಉರೀತಿದ್ರೆ ಹಳೆ ಬಾಯ್ಲರಿನ ಬೆಸುಗೆ ಕರಗಿಹೋಗುತ್ತೆ. ಅದಕ್ಕೇ ಕಾಕಾ ಓಟ ಮುಗಿಯೋವರೆಗೂ ಕಣ್ಣು ಆಚೆ ಈಚೆ ಮಾಡಲಿಲ್ಲ. ನೀರಿಗಿಂತ ಮೊದಲು ಸ್ಪಿರಿಟ್ ಮುಗಿಯೋ ಹಾಗೆ ಅಳತೆ ಮಾಡಿಯೇ ಹಾಕಿರ್ತಾರೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೇನಾದರೂ ಇದ್ದರೆ ದಯವಿಟ್ಟು ಒಮ್ಮೆಲೇ ಬೆಂಕಿ ಹಚ್ಚಬೇಡಿ. ಹಳೆ ಬಾಯ್ಲರನ್ನು ಮೊದಲು ತಣ್ಣೀರಿನ ಒತ್ತಡದಲ್ಲಿ ತಿಳಿದವರ ಕೈಯಲ್ಲಿ ಪರೀಕ್ಷೆ ಮಾಡಿಸಿ. ಸೇಫ್ಟಿ ವಾಲ್ವ್ ಕೆಲಸ ಮಾಡುತ್ತಾ ನೋಡಿ. ಹಳೆ ಬತ್ತಿಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಕೆದಕಬೇಡಿ. ಸ್ಪಿರಿಟ್ಟಿನ ಜ್ವಾಲೆ ಬಿಸಿಲಿನಲ್ಲಿ ಕಣ್ಣಿಗೆ ಕಾಣಲ್ಲ, ಪಕ್ಕದಲ್ಲಿ ಬಕೆಟ್ ನೀರು ಇರಲೇಬೇಕು. ಪರೀಕ್ಷೆ ಮಾಡೋಕೆ, ಸಣ್ಣ ಪಾರ್ಟ್ ತಿರುಗಿಸೋಕೆ ಬೆಳಗಾವಿಗಿಂತ ಒಳ್ಳೆ ಊರು ಬೇಕಾ? ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಲೇತ್ ಎರಡಕ್ಕೂ ಕೊರತೆ ಇಲ್ಲ.

ಎಂಜಿನ್ ಇಲ್ಲದವರಿಗೆ ಒಂದು ಕೆಲಸ ಹೇಳ್ತೀನಿ. ಅದಕ್ಕೆ ನಿಮ್ಮ ಫೋನ್ ಸಾಕು. ಖಾನಾಪುರ, ಲೋಂಡಾ, ಕ್ಯಾಸಲ್‌ರಾಕ್, ಹುಬ್ಬಳ್ಳಿಯಲ್ಲಿ ಉಗಿ ಎಂಜಿನ್ ಮೇಲೆ ಕೆಲಸ ಮಾಡಿದ ಹಿರಿಯರು ಇನ್ನೂ ಇದ್ದಾರೆ. ಎಲ್ಲರಿಗೂ ವಯಸ್ಸಾಗಿದೆ. ನಿಮ್ಮ ಅಜ್ಜ, ದೊಡ್ಡಪ್ಪ, ಪಕ್ಕದ ಮನೆ ಕಾಕಾ ಯಾರಾದರೂ ಆಗಿರಬಹುದು. ಹೋಗಿ ಪಕ್ಕದಲ್ಲಿ ಕೂತು ರೆಕಾರ್ಡರ್ ಆನ್ ಮಾಡಿ. "ಆಗ ಹೆಂಗಿತ್ತು?" ಅಂತ ಕೇಳಬೇಡಿ, "ಚೆನ್ನಾಗಿತ್ತು" ಅಂತ ಮುಗಿಸ್ತಾರೆ. "ಬೆಳಿಗ್ಗೆ ಎಂಜಿನ್ ಹತ್ತಿದ ಕೂಡಲೇ ಮೊದಲು ಯಾವುದಕ್ಕೆ ಕೈ ಹಾಕ್ತಿದ್ರಿ?" ಅಂತ ಕೇಳಿ. ಕೈ ತಾನಾಗಿ ಎದ್ದು ಗಾಳಿಯಲ್ಲಿ ಹಿಡಿಕೆ ಹುಡುಕುತ್ತೆ. ನಮಗೆ ಬೇಕಾಗಿರೋದು ಅದೇ. ಆಡಿಯೋ ಸಾಲದು ಅನ್ನಿಸಿದ್ರೆ ವಿಡಿಯೋ ಮಾಡಿ.

ಇವತ್ತಿಗೆ ಇಷ್ಟು. ರೆಕಾರ್ಡಿಂಗ್ ಮಾಡಿದವರು ನನಗೂ ಕಳಿಸಿ, ಅವರ ಒಪ್ಪಿಗೆ ಇದ್ದರೆ ಮುಂದಿನ ಎಪಿಸೋಡಿನಲ್ಲಿ ಎಲ್ಲರೂ ಕೇಳೋಣ. ಬರ್ತೀನ್ರೀ.