ಮಾದರಿ ವಿಮಾನದ ಸೀಟ್ ಬೆಲ್ಟ್

ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಹೆಸರಿನ ವೃತ್ತವಿದೆ. ಕೊಡಗಿನ ಈ ವೈಮಾನಿಕರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ, ತಮ್ಮ ಮಿಸ್ಟೇರ್‌ಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ಹುತಾತ್ಮರಾದರು. ಅವರಿಗೆ ಮಹಾವೀರ ಚಕ್ರ ಸಂದದ್ದು 23 ವರ್ಷಗಳ ಅನಂತರ, 1988ರಲ್ಲಿ. ಶಾಲಾ ಪ್ರದರ್ಶನಕ್ಕೆ ಆ ಮಿಸ್ಟೇರ್‌ನ ಮಾದರಿಯನ್ನು ನೀವು ತಯಾರಿಸುವಿರಾದರೆ ಅದರ ಆಸನಕ್ಕೆ ಎಂಥ ಬೆಲ್ಟ್ ಹಾಕುವಿರಿ?

ಉತ್ತರಕ್ಕೆ ಬೆಲ್ಟಿನ ಚರಿತ್ರೆ ಬೇಕು. 1910ರಲ್ಲಿ ಅಮೆರಿಕದ ಸೇನಾಧಿಕಾರಿ ಬೆಂಜಮಿನ್ ಫುಲಾಯ್, ರೈಟ್ ಸೋದರರ ವಿಮಾನದಿಂದ ಹೊರಗೆಸೆಯಲ್ಪಡುವ ಅಪಾಯವನ್ನು ಕಂಡು, ಕುದುರೆಯ ಜೀನು ಹೊಲಿಯುವವರಿಂದ ಚರ್ಮದ ಪಟ್ಟಿ ಮಾಡಿಸಿಕೊಂಡರು. ಆದರೆ ಸೊಂಟಕ್ಕೆ ಮಾತ್ರ ಪಟ್ಟಿಯಿದ್ದರೆ, ವಿಮಾನ ಥಟ್ಟನೆ ನಿಂತಾಗ ದೇಹದ ಮೇಲ್ಭಾಗ ಜಡತ್ವದಿಂದ ಮುಂದಕ್ಕೆ ಬಾಗಿ ತಲೆ ಉಪಕರಣ ಫಲಕಕ್ಕೆ ಬಡಿಯುತ್ತದೆ. ಇದಕ್ಕಾಗಿ ಭುಜಪಟ್ಟಿಗಳು ಬಂದವು. 1946ರಲ್ಲಿ ಬ್ರಿಟನ್ನಿನ ಬರ್ನಾರ್ಡ್ ಲಿಂಚ್, ಹಾರುತ್ತಿದ್ದ ವಿಮಾನದಿಂದ ಆಸನಸಮೇತ ಹೊರಚಿಮ್ಮಿ ಸುರಕ್ಷಿತವಾಗಿ ಇಳಿದರು. 1954ರಲ್ಲಿ ಅಮೆರಿಕದ ವೈದ್ಯ ಜಾನ್ ಸ್ಟಾಪ್ ರಾಕೆಟ್ ಬಂಡಿಯಲ್ಲಿ ಗಂಟೆಗೆ ಸುಮಾರು 1,017 ಕಿ.ಮೀ. ವೇಗದಿಂದ 1.4 ಸೆಕೆಂಡಿನಲ್ಲಿ ನಿಂತು, ಗುರುತ್ವದ 46 ಪಟ್ಟು ವೇಗಾಪಕರ್ಷವನ್ನು ತಾಳಿ ಬದುಕಿದರು. ಪಟ್ಟಿಗಳು ಅವರನ್ನು ಬಿಗಿಯಾಗಿ ಹಿಡಿದಿದ್ದವು. ಮಿಸ್ಟೇರ್‌ನದು ಹೊರಚಿಮ್ಮುವ ಆಸನ. ಅದಕ್ಕೆ 1910ರಂತೆ ಸೊಂಟಪಟ್ಟಿಯೊಂದನ್ನೇ ಅಂಟಿಸಿದರೆ ಮಾದರಿ ಸುಳ್ಳು ಹೇಳಿದಂತೆ. ಭುಜಪಟ್ಟಿಗಳೂ ಇರಲೇಬೇಕು.

ಇನ್ನು ಅಳತೆ. ಏರ್‌ಫಿಕ್ಸ್ ಸ್ಪಿಟ್‌ಫೈರ್ ಕಿಟ್ಟಿನಂತೆ ಅನೇಕ ಮಾದರಿಗಳು 1:72 ಪ್ರಮಾಣದವು; ಅಂದರೆ ಆರು ಅಡಿಗೆ ಒಂದು ಅಂಗುಲ. ಐದು ಸೆಂಟಿಮೀಟರ್ ಅಗಲದ ಪಟ್ಟಿ ಇಲ್ಲಿ 0.7 ಮಿಲಿಮೀಟರ್. ನೋಟುಬುಕ್ಕಿನ ಹಾಳೆ ಸುಮಾರು 0.1 ಮಿ.ಮೀ. ದಪ್ಪ, 72ರಿಂದ ಗುಣಿಸಿ ನೋಡಿ, ಏಳು ಮಿ.ಮೀ. ದಪ್ಪದ ಬೆಲ್ಟಾಯಿತು!

ನಿಜವಾದ ಪಟ್ಟಿಯನ್ನೇ ಎಲ್ಲ ದಿಕ್ಕಿನಲ್ಲೂ 72 ಪಟ್ಟು ಕಿರಿದಾಗಿಸಿದರೂ ಸಮಸ್ಯೆ ತೀರದು. ಅದರ ತೂಕ 72ರ ಘನದಷ್ಟು, ಅಂದರೆ 3,73,248 ಪಟ್ಟು ಇಳಿಯುತ್ತದೆ. ಅದನ್ನು ಅದೇ ಆಕಾರಕ್ಕೆ ಬಾಗಿಸಲು ಬೇಕಾದ ಬಲವಾದರೋ 72ರ ವರ್ಗದಷ್ಟು, ಅಂದರೆ 5,184 ಪಟ್ಟು ಮಾತ್ರ ಇಳಿಯುತ್ತದೆ. ಹೀಗಾಗಿ ಕಿರುಪಟ್ಟಿ ಆಸನದ ಮೇಲೆ ತಾನಾಗಿ ಜೋಲದೆ ಕಡ್ಡಿಯಂತೆ ಸೆಟೆದು ನಿಲ್ಲುತ್ತದೆ.

ಲೋಹದ ಹಾಳೆ ಇದಕ್ಕೆ ಪರಿಹಾರ. ಸ್ಥಿತಿಸ್ಥಾಪಕ ಮಿತಿ ಮೀರಿ ಬಾಗಿಸಿದರೆ ಅದು ಬಾಗಿದಂತೆಯೇ ಉಳಿಯುತ್ತದೆ. ಹಿಂದಿನವರು ಸೀಸದ ಹಾಳೆ ಬಳಸುತ್ತಿದ್ದರು. ಸೀಸ ವಿಷ, ನಿಮಗೆ ಬೇಡ. ಈಗ ಅಂಗಡಿಯಲ್ಲಿ ಸಿಗುವ ಲೋಹದ ಬೆಲ್ಟುಗಳನ್ನು, ಹಿಂದೆ ಪತ್ರಿಕೆಗಳ ಚಿತ್ರಕ್ಕೆ ಬ್ಲಾಕ್ ಮಾಡುತ್ತಿದ್ದಂತೆ, ಬೆಳಕು ಮತ್ತು ರಾಸಾಯನಿಕಗಳಿಂದ ಕೊರೆಯುತ್ತಾರೆ. ಆದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯೇ ಸಾಕು. ಸುಮಾರು 0.015 ಮಿ.ಮೀ. ದಪ್ಪದ ಅದನ್ನು 72ರಿಂದ ಗುಣಿಸಿದರೆ ಒಂದು ಮಿ.ಮೀ.ಗೆ ತುಸು ಹೆಚ್ಚು. ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಬಣ್ಣ ಬಳಿದು, ಚಿಮುಟದಿಂದ ಆಸನದ ಮೇಲೆ ಇಳಿಬಿಡಿ.

ಮಾದರಿಯ ಪಕ್ಕದ ಚೀಟಿಯಲ್ಲಿ ವಿಮಾನದ ಉದ್ದ, ವೇಗಗಳನ್ನು ಬರೆಯುವುದು ವಾಡಿಕೆ. ಆಸನದ ಮೇಲೆ ಬಿದ್ದಿರುವ ಪಟ್ಟಿಯನ್ನು ಕಂಡವರಿಗೆ, ಅಲ್ಲಿ ದೇವಯ್ಯನವರು ಕುಳಿತಿದ್ದರು ಎಂಬುದೂ ಹೊಳೆಯುತ್ತದೆ.