ಹಚ್ಚೆ: ಮೈಮೇಲಿನ ಚಿತ್ರ ಹಲಗೆಗೆ ಬಂದ ದಾರಿ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ ಮುಲ್ಲಾಮಾರಿ ನದಿಯ ದಂಡೆಯ ಊರು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಸೀಮೆಯಲ್ಲಿ ಹಿಂದಿನ ತಲೆಮಾರಿನ ಹೆಂಗಸರ ಮುಂಗೈ, ಗದ್ದ, ಹಣೆಗಳ ಮೇಲೆ ಹಸಿರು ತಿರುಗಿದ ಹಚ್ಚೆ ಸಾಮಾನ್ಯವಾಗಿತ್ತು. ರೈತಾಪಿ ಮನೆತನಗಳಲ್ಲಿಯೂ ಕೂಲಿಕಾರರಲ್ಲಿಯೂ ತಾಂಡಾಗಳ ಲಂಬಾಣಿಗರಲ್ಲಿಯೂ ಈ ರೂಢಿ ಇತ್ತು. ಮದುವೆಗೆ ಮುಂಚೆಯೇ ಹುಡುಗಿಯ ಕೈಗೆ ಹಚ್ಚೆ ಹಾಕಿಸುತ್ತಿದ್ದರು. ಬಂಗಾರವನ್ನು ಕಳ್ಳರು ಒಯ್ಯಬಹುದು, ಬಡತನ ಬಂದರೆ ಒತ್ತೆ ಇಡಬೇಕಾಗಬಹುದು; ಸತ್ತ ಮೇಲೂ ಸಂಗಡ ಬರುವ ಒಡವೆ ಹಚ್ಚೆಯೊಂದೇ ಎಂಬುದು ಹಿರಿಯರ ನಂಬಿಕೆ.

ಹಚ್ಚೆ ಹಾಕುವುದು ಹೆಂಗಸರ ಕಸುಬು. ಕೊರವರ ಹೆಂಗಸರು ಬುಟ್ಟಿ ಮಾರುತ್ತ, ಕಣಿ ಹೇಳುತ್ತ ಊರೂರು ತಿರುಗುವಾಗ ಸೂಜಿಯನ್ನೂ ಜತೆಗಿಟ್ಟುಕೊಂಡಿರುತ್ತಿದ್ದರು. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರ ಹೆಂಗಸರೂ ಈ ಕೆಲಸದಲ್ಲಿ ನುರಿತವರು. ಆ ಮನೆಗಳಲ್ಲಿ ಗಂಡಸರು ಹದ ಮಾಡಿದ ತೊಗಲಿಗೆ ತೂತು ಹೊಡೆದು ರಾಮ, ರಾವಣ, ನವಿಲು, ಮರಗಳನ್ನು ಮೂಡಿಸಿದರೆ, ಹೆಂಗಸರು ಜೀವಂತ ಚರ್ಮಕ್ಕೆ ಸೂಜಿ ಚುಚ್ಚಿ ಚಿತ್ರ ಬರೆದರು. ಕೂಲಿಯಾಗಿ ಜೋಳ, ಹಳೆಯ ಸೀರೆ ಇಲ್ಲವೆ ಚಿಲ್ಲರೆ ಕಾಸು ಸಿಗುತ್ತಿತ್ತು.

ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಕೊರವ ಹೆಂಗಸರು ಮಸಿ ತಯಾರಿಸುವ ಬಗೆ ದಾಖಲಾಗಿದೆ. ಅರಿಸಿನ ಪುಡಿಯನ್ನೂ ಅಗಸೆ ಮರದ ಎಲೆಯನ್ನೂ ಕೂಡಿಸಿ ಅರೆಯುತ್ತಾರೆ. ಅದನ್ನು ತೆಳು ಬಟ್ಟೆಗೆ ಸವರಿ ಬತ್ತಿ ಹೊಸೆದು, ಔಡಲೆಣ್ಣೆಯ ದೀಪದಲ್ಲಿ ಉರಿಸುತ್ತಾರೆ. ದೀಪದ ಮೇಲೆ ಹೊಸ ಮಡಕೆ ಕವುಚಿದರೆ ಅದರ ಒಳಮೈಗೆ ಕಾಡಿಗೆ ಕಟ್ಟುತ್ತದೆ. ಆ ಕಾಡಿಗೆಯನ್ನು ಕೆರೆದು ಎದೆಹಾಲಿನಲ್ಲೋ ನೀರಿನಲ್ಲೋ ಕಲಸಿದರೆ ಮಸಿ ಸಿದ್ಧ. ಮೊದಲು ಕಡ್ಡಿಯಿಂದ ಚಿತ್ರ ಬರೆದು, ನಾಲ್ಕಾರು ಸೂಜಿಗಳನ್ನು ದಾರದಿಂದ ಬಿಗಿದು ಆ ಗೆರೆಯ ಮೇಲೆ ಚುಚ್ಚುತ್ತಾರೆ. ಕೊನೆಗೆ ಬಾವು ಬರದಿರಲೆಂದು ಅರಿಸಿನ ಹಚ್ಚುತ್ತಾರೆ. ಚರ್ಮದ ಒಳಪದರದಲ್ಲಿ ಕೂತ ಕಾಡಿಗೆಯ ಕಣ ಹೊರಗಿನಿಂದ ನೋಡುವವರಿಗೆ ಕಪ್ಪಾಗಿ ಕಾಣದೆ ನೀಲಿ-ಹಸಿರಾಗಿ ಕಾಣುತ್ತದೆ.

ಚಿತ್ರಗಳ ಸ್ವರೂಪವನ್ನು ತೀರ್ಮಾನಿಸಿದ್ದು ಈ ಸಲಕರಣೆಯೇ. ಸೂಜಿಕಟ್ಟಿನಿಂದ ನವಿರಾದ ಛಾಯೆ ಬರುವುದಿಲ್ಲ. ಬರುವುದು ಚುಕ್ಕಿ ಮತ್ತು ದಪ್ಪ ಗೆರೆ. ಮಸಿ ವರ್ಷ ಕಳೆದಂತೆ ಚರ್ಮದಲ್ಲಿ ಹರಡುವುದರಿಂದ ಒತ್ತೊತ್ತಾಗಿ ಬರೆದ ಗೆರೆಗಳು ಒಂದರೊಳಗೊಂದು ಕೂಡಿಬಿಡುತ್ತವೆ. ಆದ್ದರಿಂದಲೇ ತುಳಸಿಕಟ್ಟೆ, ತೇರು, ಚೇಳು, ಮೀನು, ತಾವರೆ, ರಂಗೋಲಿಯ ಎಳೆಗಳಂಥ ಸರಳ ರೂಪಗಳು ಉಳಿದುಕೊಂಡವು. ಗದ್ದಕ್ಕೆ, ಕೆನ್ನೆಗೆ ಬರಿಯ ಚುಕ್ಕಿ ಸಾಕಾಗುತ್ತಿತ್ತು. ಅಕ್ಷರ ಪರಿಚಯ ಹೆಚ್ಚಿದಂತೆ ಗಂಡನ ಅಥವಾ ಅಣ್ಣತಮ್ಮಂದಿರ ಹೆಸರೂ ತೋಳಿಗೆ ಬಂದಿತು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಹಚ್ಚೆ ಬೇರೆ ದಾರಿ ಹಿಡಿಯಿತು. ಥಾಮಸ್ ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದಿದ್ದ ವಿದ್ಯುತ್ ಲೇಖನಿಯ ತತ್ವವನ್ನು ಆಧರಿಸಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಲಂಗರು, ಹದ್ದು, ಗುಲಾಬಿ, ಕಠಾರಿ, ಹಡಗುಗಳನ್ನು ಕಪ್ಪು ಹೊರಗೆರೆ ಮತ್ತು ನಾಲ್ಕೈದು ಗಾಢ ಬಣ್ಣಗಳಲ್ಲಿ ಬರೆದ ಹಾಳೆಗಳನ್ನು ಅಂಗಡಿಯ ಗೋಡೆಗೆ ಅಂಟಿಸುವ ಪದ್ಧತಿ ಬೆಳೆಯಿತು. ಲೂ ಆಲ್ಬರ್ಟ್ಸ್ ಅಂಥ ಹಾಳೆಗಳನ್ನು ಇತರ ಹಚ್ಚೆಗಾರರಿಗೆ ಮಾರಿದ. ಹೊನೊಲುಲುವಿನಲ್ಲಿ ನಾವಿಕರಿಗೆ ಹಚ್ಚೆ ಹಾಕುತ್ತಿದ್ದ ‘ಸೇಲರ್ ಜೆರಿ’ ನಾರ್ಮನ್ ಕಾಲಿನ್ಸ್ 1973ರಲ್ಲಿ ತೀರಿಕೊಂಡ ಮೇಲೂ ಅವನ ಹಾಳೆಗಳು ಶಿಷ್ಯರ ಕೈಯಲ್ಲಿ ಉಳಿದವು. ಇಂದು ‘ಹಳೆಯ ಶೈಲಿ’ ಎಂದು ಗುರುತಿಸುವ ಹಚ್ಚೆ ಹೀಗೆ ಕಾಗದದ ಮೇಲೆ ಬದುಕಿದ ಕಲೆ.

ಕಾಗದದಿಂದ ಅದು ಸ್ಕೇಟ್‌ಬೋರ್ಡಿಗೆ ಇಳಿದದ್ದು ಸಹಜವಾಗಿತ್ತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವೆಸ್ ಹಂಪ್ಸ್ಟನ್ ಹಲಗೆಯ ಅಡಿಮೈಗೆ ಕೈಯಿಂದ ಚಿತ್ರ ಬರೆಯತೊಡಗಿದ. 1980ರ ದಶಕದಲ್ಲಿ ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್ ಮತ್ತು ಜಿಮ್ ಫಿಲಿಪ್ಸ್ ಅವರ ತಲೆಬುರುಡೆ, ಕಿರುಚುವ ಕೈಗಳು ಹೆಸರಾದವು. ಮೇಪಲ್ ಮರದ ಏಳು ಪದರಗಳನ್ನು ಅಂಟಿಸಿ ಮಾಡುವ ಹಲಗೆ ಸಾಮಾನ್ಯವಾಗಿ 20 ಸೆಂ.ಮೀ. ಅಗಲ, 80 ಸೆಂ.ಮೀ. ಉದ್ದ ಇರುತ್ತದೆ. ಗಾಲಿ ಕೂರಿಸುವ ಎರಡು ಲೋಹದ ಅಚ್ಚುಗಳು ಅಡಿಮೈಯ ಎರಡು ಕಡೆ ಚಿತ್ರವನ್ನು ಮರೆಮಾಡುವುದರಿಂದ ಮುಖ್ಯ ಆಕೃತಿ ನಡುವೆ ಬರಬೇಕು. ಸ್ಕ್ರೀನ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ ಬೇಕಿದ್ದ ಕಾರಣ ದಪ್ಪ ಗೆರೆ, ಕಡಿಮೆ ಬಣ್ಣದ ಹಚ್ಚೆಚಿತ್ರ ಹಲಗೆಗೆ ಒಗ್ಗಿತು. ಸವಾರ ಕಬ್ಬಿಣದ ಕಂಬಿಯ ಮೇಲೆ ಹಲಗೆಯನ್ನು ಜಾರಿಸಿದಾಗ ಬಣ್ಣ ಕಿತ್ತುಬರುತ್ತದೆ. ಸಣ್ಣ ವಿವರ ಅಳಿದರೂ ದೊಡ್ಡ ಆಕೃತಿ ಗುರುತು ಸಿಗುತ್ತದೆ. ಕರ್ನಾಟಕದಲ್ಲಿ ಈ ಆಟಕ್ಕೆ ನೆಲೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಅಲ್ಲಿನ ಹೋಲಿಸ್ಟೋಕ್ಡ್ ತಂಡ 2013ರಲ್ಲಿ ಲೀವೈಸ್ ಕಂಪನಿಯ ನೆರವಿನಿಂದ ಎಲ್ಲರಿಗೂ ಉಚಿತವಾದ ಸ್ಕೇಟ್ ಪಾರ್ಕ್ ಕಟ್ಟಿತು.

ಕಲಬುರಗಿ ಸೀಮೆಯ ಹಚ್ಚೆಗೆ ಇಂಥ ಹಾಳೆಗಳ ಆಸರೆ ಇರಲಿಲ್ಲ. ಮಾದರಿ ಇದ್ದದ್ದು ಹಾಕುವವಳ ನೆನಪಿನಲ್ಲಿ ಮತ್ತು ಹಾಕಿಸಿಕೊಂಡವಳ ಕೈಯಲ್ಲಿ. ಬ್ರಿಟಿಷ್ ಪ್ರಾಂತ್ಯಗಳಲ್ಲಿ ಕೊರವರು ಅಪರಾಧಿ ಬುಡಕಟ್ಟು ಕಾಯ್ದೆಗೆ ಒಳಗಾದದ್ದರಿಂದ ಅಲೆಮಾರಿ ಬದುಕಿನ ಮೇಲೆ ಸಂಶಯದ ಕಣ್ಣು ಬಿತ್ತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಮುಂದೆ ಹೆಣ್ಣುಮಕ್ಕಳ ಶಾಲೆ, ಪೇಟೆಯ ಒಡವೆ, ಒಂದೇ ಸೂಜಿಯಿಂದ ರೋಗ ಹರಡುವ ಭಯ ಎಲ್ಲ ಸೇರಿ ಬೇಡಿಕೆ ಇಳಿಯಿತು. ಜಾತ್ರೆಗಳಲ್ಲಿ ಬ್ಯಾಟರಿ ಯಂತ್ರ ಬಂದ ಮೇಲೆ ಕೈಸೂಜಿ ಇನ್ನಷ್ಟು ಹಿಂದೆ ಸರಿಯಿತು. ಕಿಳ್ಳೇಕ್ಯಾತರ ತೊಗಲುಗೊಂಬೆಗಳ ಸ್ಥಿತಿ ಬೇರೆ. ಅವು ಪೆಟ್ಟಿಗೆಗಳಲ್ಲಿ ತಲೆಮಾರುಗಟ್ಟಲೆ ಉಳಿದವು. ತೊಗಲುಗೊಂಬೆ ಆಡಿಸುವ, ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು.

ಈ ಸೀಮೆಯ ಹಚ್ಚೆಯನ್ನು ಹಲಗೆಗೆ ತರಬಯಸುವ ಚಿತ್ರಕಾರರಿಗೆ ಆಧಾರ ಹಿರಿಯ ಹೆಂಗಸರ ಕೈಗಳು ಮತ್ತು ಅವುಗಳ ಛಾಯಾಚಿತ್ರಗಳು. ಕೈಯಲ್ಲಿನ ಗೆರೆ ವಯಸ್ಸಿನಿಂದ ಹರಡಿರುವುದರಿಂದ ಮೂಲದ ಚುಕ್ಕಿಗಳನ್ನು ಬಿಡಿಸಿ ನಕಲು ಮಾಡಬೇಕಾಗುತ್ತದೆ. ಮುಂಗೈಯ ಉದ್ದಕ್ಕೆ ಹೊಂದಿಸಿ ಬರೆದ ತೇರು, ತುಳಸಿಕಟ್ಟೆಗಳು ಹಲಗೆಯ ಉದ್ದಕ್ಕೂ ಹೊಂದುತ್ತವೆ. ಮಾದರಿ ಯಾವ ಊರಿನದು, ಯಾವ ಸಮುದಾಯದ ಹೆಂಗಸರು ಹಾಕಿದ್ದು ಎಂಬ ವಿವರವನ್ನೂ ಚಿತ್ರದ ಜತೆಗೆ ಬರೆದಿಟ್ಟರೆ, ಕೈಯಿಂದ ಕೈಗೆ ಮಾತ್ರ ಸಾಗಿಬಂದ ಈ ಕಸುಬಿಗೆ ಲಿಖಿತ ದಾಖಲೆ ಸಿಕ್ಕಂತಾಗುತ್ತದೆ.