ಚೆನ್ನಮ್ಮಾಜಿಯ ಸೀಮೆಗೆ ಬಂದ ಪಾದ್ರಿ

ಚನ್ನಗಿರಿಯ ಕೋಟೆ ಹತ್ತಿ ಬೆಟ್ಟದ ರಂಗನಾಥನಿಗೆ ಕೈಮುಗಿದು ಇಳಿಯುವವರಿಗೆಲ್ಲ ಊರಿಗೆ ಹೆಸರು ಕೊಟ್ಟ ಕೆಳದಿಯ ರಾಣಿ ಚೆನ್ನಮ್ಮಾಜಿ ಗೊತ್ತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರುಹಾಕಿಕೊಂಡ ಆಕೆಯ ಕಥೆಯನ್ನು ನಾವು ಶಾಲೆಯಲ್ಲೇ ಓದಿದ್ದೇವೆ. ಅದೇ ರಾಣಿಯ ಆಳ್ವಿಕೆಯಲ್ಲಿ, ಘಟ್ಟದ ಕೆಳಗಿನ ಆಕೆಯ ಸೀಮೆಯಲ್ಲಿ ಬರಿಗಾಲಲ್ಲಿ ತಿರುಗಾಡಿದ ಪಾದ್ರಿಯೊಬ್ಬರು ಮುಂದೆ ಸಂತರಾದರು ಎಂದರೆ ಹೊನ್ನಾಳಿ, ನ್ಯಾಮತಿ, ಜಗಳೂರಿನ ನನ್ನ ಗೆಳತಿಯರು, "ಹೌದಾ? ಯಾರವರು?" ಎನ್ನುತ್ತಾರೆ.

ಅವರ ಹೆಸರು ಜೋಸೆಫ್ ವಾಜ್. 1651ರಲ್ಲಿ ಗೋವೆಯ ಬಾಣಾವಳಿಯಲ್ಲಿ ಹುಟ್ಟಿದವರು, ಮನೆಮಾತು ಕೊಂಕಣಿ. 1676ರಲ್ಲಿ ಪಾದ್ರಿಯಾದರು. 1681ರಲ್ಲಿ ಅವರನ್ನು ಕನ್ನಡ ಕರಾವಳಿಗೆ ಮುಖ್ಯಸ್ಥರನ್ನಾಗಿ ಕಳಿಸಿದರು. ಗಂಡ ಸೋಮಶೇಖರ ನಾಯಕನ ನಂತರ ರಾಜ್ಯದ ಹೊಣೆ ಹೊತ್ತ ಚೆನ್ನಮ್ಮಾಜಿ ಬಿದನೂರಿನಿಂದ ಆಳುತ್ತಿದ್ದ ಕಾಲವದು. 1678ರ ಒಪ್ಪಂದದಂತೆ ಮಿರ್ಜಾನ್, ಭಟ್ಕಳ, ಕಲ್ಯಾಣಪುರ ಮುಂತಾದ ಕಡೆ ಇಗರ್ಜಿ ಕಟ್ಟಲು ಪೋರ್ಚುಗೀಸರಿಗೆ ಅನುಮತಿ ಸಿಕ್ಕಿತ್ತು. ಶಿವಭಕ್ತೆಯ ರಾಜ್ಯದಲ್ಲಿ ಇಗರ್ಜಿಯ ಗಂಟೆಗೂ ಜಾಗವಿತ್ತು.

ತೊಂದರೆ ಬಂದದ್ದು ಅರಮನೆಯಿಂದಲ್ಲ, ಸ್ವಂತ ಮನೆಯೊಳಗಿನಿಂದ. ಗೋವೆಯ ಆರ್ಚ್‌ಬಿಷಪ್ಪರು ಕರಾವಳಿ ತಮ್ಮದೆಂದರು. ರೋಮಿನಿಂದ ನೇಮಕವಾಗಿ ಮಂಗಳೂರಿಗೆ ಬಂದಿದ್ದ ಬಿಷಪ್ ತೋಮಸ್ ದ ಕಾಸ್ಟ್ರೊ ತಮ್ಮದೆಂದರು. ದೊಡ್ಡವರ ಜಗಳದಲ್ಲಿ ಬಡವಾದದ್ದು ಜನ. ಯಾವ ಪಾದ್ರಿ ಮಾಡಿಸಿದ ಮದುವೆ ಮದುವೆ, ಯಾರು ಕೊಟ್ಟ ಜ್ಞಾನಸ್ನಾನ ಸರಿಯಾದದ್ದು? ಮದುವೆಯಾಗಿ ಮಕ್ಕಳನ್ನು ಹೆತ್ತ ಹೆಣ್ಣಿಗೆ ಈ ಪ್ರಶ್ನೆ ಎಂಥ ಸಂಕಟ ತಂದಿರಬೇಕು, ನೀವೇ ಯೋಚಿಸಿ. ವಾಜರು ಗೋವೆಯ ಕಡೆಯವರು. ಅಧಿಕಾರಪತ್ರ ಮುಂದೆ ಹಿಡಿದು ಬಡಿದಾಡಬಹುದಿತ್ತು. ಅವರು ಕಾಸ್ಟ್ರೊ ಅವರ ಬಳಿ ಹೋಗಿ ತಗ್ಗಿ ಮಾತಾಡಿದರು, ಸಂಧಾನಕ್ಕೆ ದುಡಿದರು. ನನ್ನ ಮಟ್ಟಿಗೆ, ಅವರ ಸಂತತನ ಶುರುವಾದದ್ದು ಇಲ್ಲೇ. ಪವಾಡಗಳ ಮಾತು ಆಮೇಲಿನದು.

ಪವಾಡದ ಕಥೆಯೂ ಇದೆ ಅನ್ನಿ. ಮಂಗಳೂರಿನ ಹತ್ತಿರದ ಮುಡಿಪುವಿನಲ್ಲಿ ಅವರು ಕೋಲೂರಿದ ಕಡೆ ನೀರುಕ್ಕಿತೆಂದು ಜನ ನಂಬುತ್ತಾರೆ. ಜಾತಿಮತ ನೋಡದೆ ಅಲ್ಲಿಗೆ ಹರಕೆ ಹೊತ್ತು ಹೋಗುತ್ತಾರೆ. ಊರೂರಿನ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದ್ದು, ಸಣ್ಣ ಶಾಲೆಗಳನ್ನು ನಡೆಸಿದ್ದು, ಗುಲಾಮರಾಗಿದ್ದವರನ್ನು ಹಣ ಕೊಟ್ಟು ಬಿಡಿಸಿದ್ದು ಆ ಮೂರು ವರ್ಷಗಳಲ್ಲೇ. 1684ರಲ್ಲಿ ಗೋವೆಗೆ ಮರಳಿದರು.

ಅಲ್ಲಿಂದ ಮುಂದಿನದು ಸಿಂಹಳದ ಕಥೆ. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದರು. 1687ರಲ್ಲಿ ವಾಜರು ಕೂಲಿಯಾಳಿನ ವೇಷದಲ್ಲಿ ಜಾಫ್ನಾಕ್ಕೆ ಇಳಿದರು. ಆಮಶಂಕೆಯಿಂದ ಸಾಯುವಂತಾಗಿದ್ದವರನ್ನು ಹೆಂಗಸೊಬ್ಬಳು ಗಂಜಿ ಕೊಟ್ಟು ಬದುಕಿಸಿದಳಂತೆ. (ಇಂಥವರ ಹೆಸರನ್ನು ಬರೆದಿಡುವ ಅಭ್ಯಾಸ ಚರಿತ್ರೆಗೆ ಕಡಿಮೆ.) 1692ರಲ್ಲಿ ಕ್ಯಾಂಡಿಯ ದೊರೆ ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟಾಗ ಸುಮ್ಮನೆ ಕೂತು ಸಿಂಹಳ ಭಾಷೆ ಕಲಿತರು. 1697ರಲ್ಲಿ ಸಿಡುಬು ಹಬ್ಬಿತು. ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಬರುತ್ತಿದ್ದರು. ವಾಜರು ಅಂಥವರನ್ನು ಹುಡುಕಿ, ಗುಡಿಸಲು ಹಾಕಿ, ಕೀವು ತೊಳೆದು, ಉಣ್ಣಿಸಿದರು. ಯಾವ ದೇವರಿಗೆ ಕೈಮುಗಿಯುವವನೆಂದು ಕೇಳಲಿಲ್ಲ. ಬೌದ್ಧ ದೊರೆಯೂ ಅವರನ್ನು ಗೌರವದಿಂದ ಕಂಡ.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಪೋಪ್ ಫ್ರಾನ್ಸಿಸ್ ಕೊಲಂಬೊದ ಕಡಲತೀರದಲ್ಲಿ ಅವರನ್ನು ಸಂತರೆಂದು ಸಾರಿದ್ದು 2015ರ ಜನವರಿ 14ರಂದು, ನಮ್ಮಲ್ಲಿ ಎಳ್ಳುಬೆಲ್ಲ ಹೊಂದಿಸುತ್ತಿದ್ದ ದಿನಗಳಲ್ಲಿ. ಅವರನ್ನು ಮಣ್ಣು ಮಾಡಿದ ಜಾಗ ಇಂತಲ್ಲೇ ಎಂದು ಇಂದಿಗೂ ಗುರುತಾಗಿಲ್ಲ.